ಕರೆಂಟ್ ಹೋದಾಗ ರೀಫ್ ಟ್ಯಾಂಕ್ ಉಳಿಸುವುದು: ಮೊದಲು ಗಾಳಿ, ಆಮೇಲೆ ತಂಪು, ಬೆಳಕು ಕೊನೆಗೆ

ಕಲಬುರಗಿಯಲ್ಲಿ ಕೂತು ಸಮುದ್ರದ ಮೀನು, ಹವಳ ಸಾಕುತ್ತೇನೆ ಅಂದರೆ ಜನ ಮೊದಲು ಕೇಳುವುದು ಉಪ್ಪುನೀರು ಎಲ್ಲಿಂದ ತರುತ್ತೀರಿ ಅಂತ. ಅದು ಕಷ್ಟದ ಮಾತೇ ಅಲ್ಲ. ಆರ್‌ಒ ನೀರಿಗೆ ರೀಫ್ ಸಾಲ್ಟ್ ಕದಡಿ, ಉಪ್ಪಿನ ಅಳತೆ ನೋಡುವ ರಿಫ್ರ್ಯಾಕ್ಟೋಮೀಟರಿನಲ್ಲಿ 1.025 ಬರುವಂತೆ ಮಾಡಿಕೊಂಡರೆ ಆಯಿತು. ಕೇಳಬೇಕಾದ ಪ್ರಶ್ನೆ ಬೇರೆ. ಮೇ ತಿಂಗಳ ಮಧ್ಯಾಹ್ನ, ಹೊರಗೆ 43 ಡಿಗ್ರಿ ಇರುವಾಗ, ಕರೆಂಟ್ ಹೋದರೆ ಏನು ಮಾಡುತ್ತೀರಿ?

ಬಹಳ ಜನರ ತಲೆಗೆ ಮೊದಲು ಬರುವುದು ನೀರು ತಣ್ಣಗೆ ಮಾಡುವ ಚಿಲ್ಲರ್. ಆಮೇಲೆ ಅದನ್ನು ಓಡಿಸಲು ಜನರೇಟರ್. ದುಡ್ಡಿದ್ದವರು ಮಾಡಲಿ, ಬೇಡ ಅನ್ನುವುದಿಲ್ಲ. ಆದರೆ ಕರೆಂಟ್ ಹೋದ ಟ್ಯಾಂಕ್ ಕೆಡುವುದಕ್ಕೆ ಒಂದು ಕ್ರಮ ಇದೆ. ಮೊದಲು ಆಕ್ಸಿಜನ್ ಮುಗಿಯುತ್ತದೆ, ಅದು ಗಂಟೆಗಳ ಲೆಕ್ಕ. ಅದರ ಬೆನ್ನಿಗೆ ನೀರು ಕಾಯುತ್ತದೆ. ಬೆಳಕಿಲ್ಲದೆ ಹವಳ ಎರಡು ದಿನ ಆರಾಮಾಗಿ ಇರುತ್ತದೆ. ಖರ್ಚೂ ಅದೇ ಕ್ರಮದಲ್ಲಿ ಆಗಬೇಕು. ಮೊದಲ ಕೆಲಸಕ್ಕೆ ಬೇಕಾಗುವುದು ಹೆಚ್ಚೆಂದರೆ ಹತ್ತು ವ್ಯಾಟ್, ಅಷ್ಟೇ.

ನೀರು ನಿಂತರೆ ಏನಾಗುತ್ತದೆ

ಸಿಹಿನೀರಿನ ಮೀನು ಸಾಕಿ ರೂಢಿ ಇದ್ದವರು ಇಲ್ಲಿ ಮೋಸ ಹೋಗುತ್ತಾರೆ. ಅಲ್ಲಿ ಎರಡು ಗಂಟೆ ಪಂಪ್ ನಿಂತರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಉಪ್ಪುನೀರಿಗೆ ಆಕ್ಸಿಜನ್ ಹಿಡಿದಿಡುವ ಶಕ್ತಿಯೇ ಕಡಿಮೆ. 25 ಡಿಗ್ರಿಯಲ್ಲಿ ಸಿಹಿನೀರು ಲೀಟರಿಗೆ 8 ಮಿಲಿಗ್ರಾಂ ದಾಟಿ ಹಿಡಿಯುತ್ತದೆ, ಸಮುದ್ರದ ನೀರು 7ರ ಒಳಗೇ. 30 ಡಿಗ್ರಿಗೆ ಅದು 6 ಚಿಲ್ಲರೆಗೆ ಇಳಿಯುತ್ತದೆ. ಅತ್ತ ನೀರು ಬಿಸಿಯಾದಷ್ಟೂ ಮೀನಿಗೆ ಉಸಿರು ಜಾಸ್ತಿ ಬೇಕು. ನಮ್ಮ ಬೇಸಿಗೆಯಲ್ಲಿ ಆದಾಯ ಕಡಿಮೆ, ಖರ್ಚು ಜಾಸ್ತಿ ಅಂದ ಹಾಗಾಯಿತು.

ಮೀನು ಮಾತ್ರ ಉಸಿರಾಡುವುದಲ್ಲ. ಟ್ಯಾಂಕಿನ ಕಲ್ಲಿನಲ್ಲಿ (ಲೈವ್ ರಾಕ್) ಇರುವ ಬ್ಯಾಕ್ಟೀರಿಯಾಗಳಿಗೂ ಆಕ್ಸಿಜನ್ ಬೇಕು. ಹವಳದ ಮೈಯೊಳಗಿನ ಪಾಚಿ ಬೆಳಕಿದ್ದಾಗ ಆಕ್ಸಿಜನ್ ಕೊಡುತ್ತದೆ, ಕತ್ತಲಾದರೆ ಅದೂ ತೆಗೆದುಕೊಳ್ಳುವವರ ಸಾಲಿಗೆ ಸೇರುತ್ತದೆ. ಹಾಗಾಗಿ ಟ್ಯಾಂಕಿನಲ್ಲಿ ಆಕ್ಸಿಜನ್ ಅತಿ ಕಡಿಮೆ ಇರುವುದು ನಸುಕಿನಲ್ಲಿ, ಲೈಟ್ ಹತ್ತುವ ಮುಂಚೆ. ರಾತ್ರಿ ಮೂರಕ್ಕೆ ಕರೆಂಟ್ ಹೋಗಿ, ಮನೆಯವರೆಲ್ಲ ಮಲಗಿದ್ದರೆ, ಮಧ್ಯಾಹ್ನದ ಕಟ್‌ಗಿಂತ ಅದೇ ಅಪಾಯ.

ಒಂದು ಮಾತು ತಿಳಿದಿರಲಿ. ಗಾಳಿ ನೀರಿಗೆ ಸೇರುವುದು ಹೆಚ್ಚಾಗಿ ಮೇಲ್ಮೈಯಲ್ಲಿ. ಗುಳ್ಳೆಗಳಿಂದ ನೇರವಾಗಿ ಸೇರುವುದು ಸ್ವಲ್ಪವೇ. ಅವು ಮೇಲೆ ಬಂದು ಒಡೆದು ನೀರನ್ನು ಕದಡುತ್ತವೆ, ತಳದ ನೀರನ್ನು ಮೇಲೆ ತರುತ್ತವೆ, ಲಾಭ ಅಲ್ಲಿದೆ. ಆದ್ದರಿಂದ ಗುರಿ ಒಂದೇ: ಮೇಲಿನ ನೀರು ಅಲುಗಾಡುತ್ತಿರಬೇಕು.

ಹಂತ 1: ಕರೆಂಟ್ ಇರುವಾಗಲೇ ಪ್ಲಗ್ ತೆಗೆದು ನೋಡಿ

ರಜೆಯ ದಿನ ಬೆಳಿಗ್ಗೆ, ನೀವೇ ಮನೆಯಲ್ಲಿರುವಾಗ, ಟ್ಯಾಂಕಿನ ಎಲ್ಲ ಪ್ಲಗ್ ಕಿತ್ತು ಒಂದು ಗಂಟೆ ಸುಮ್ನೆ ಕೂತು ನೋಡಿ. ಮೊದಲ ಐದು ನಿಮಿಷ ಕಣ್ಣು ಸಂಪಿನ ಮೇಲಿರಲಿ, ಅಂದರೆ ಟ್ಯಾಂಕಿನ ಕೆಳಗೆ ಫಿಲ್ಟರ್ ಇರುವ ತೊಟ್ಟಿಯ ಮೇಲೆ. ಅಲ್ಲಿಂದ ನೀರನ್ನು ಮೇಲೆತ್ತುವ ರಿಟರ್ನ್ ಪಂಪ್ ನಿಂತ ಕೂಡಲೇ ಮೇಲಿನ ಟ್ಯಾಂಕಿನ ನೀರು ಪೈಪಿನಲ್ಲಿ ಹಿಂದಕ್ಕೆ ಇಳಿಯುತ್ತದೆ. ರಿಟರ್ನ್ ಪೈಪಿನ ಬಾಯಿ ಎಷ್ಟು ಆಳದಲ್ಲಿದೆಯೋ ಅಲ್ಲಿಯವರೆಗೆ ಎಳೆದುಕೊಂಡು ಬರುತ್ತದೆ. ಸಂಪಿನಲ್ಲಿ ಅಷ್ಟು ಜಾಗ ಇಲ್ಲದಿದ್ದರೆ ಉಪ್ಪುನೀರು ನೆಲಕ್ಕೆ, ನೆಲದಲ್ಲಿರುವ ಸ್ಪೈಕ್ ಬೋರ್ಡಿಗೆ. ಫರಸಿ ಕಲ್ಲು ಒರೆಸಿದರೆ ಹೋಗುತ್ತದೆ, ಸ್ಪೈಕ್ ಬೋರ್ಡ್ ಹಾಗಲ್ಲ.

ನೀರು ಎಲ್ಲಿಗೆ ಬಂದು ನಿಂತಿತೋ ಲೆಕ್ಕ ಮಾಡಿ, ಪಂಪ್ ಓಡುವಾಗ ಸಂಪಿನ ನೀರು ಇದಕ್ಕಿಂತ ಮೇಲೆ ಹೋಗಬಾರದು ಅನ್ನುವ ಜಾಗಕ್ಕೆ ಟೇಪ್ ಅಂಟಿಸಿ. ರಿಟರ್ನ್ ಪೈಪಿನಲ್ಲಿ ನೀರಿನ ಮಟ್ಟಕ್ಕೆ ಸ್ವಲ್ಪ ಕೆಳಗೆ ಸಣ್ಣ ತೂತು ಇದ್ದರೆ, ಅಲ್ಲಿ ಗಾಳಿ ಹೊಕ್ಕು ಸೈಫನ್ ಮುರಿಯುತ್ತದೆ. ಆ ತೂತು ಉಪ್ಪು, ಪಾಚಿ ಕಟ್ಟಿ ಮುಚ್ಚಿಹೋಗುವುದು ಸಾಮಾನ್ಯ. ತಿಂಗಳಿಗೊಮ್ಮೆ ಕಡ್ಡಿ ಆಡಿಸಿ. ಸ್ಪೈಕ್ ಬೋರ್ಡನ್ನು ನೆಲದಿಂದ ಎತ್ತಿ ಗೋಡೆಗೆ ಹೊಡೆಯಿರಿ. ವೈರುಗಳು ಬೋರ್ಡಿಗಿಂತ ಕೆಳಗೆ ಒಮ್ಮೆ ಇಳಿಬಿದ್ದು ಆಮೇಲೆ ಮೇಲೆ ಹೋಗುವಂತಿರಲಿ. ವೈರಿನ ಗುಂಟ ಬರುವ ಹನಿ ಆ ತಗ್ಗಿನಲ್ಲೇ ಕೆಳಗೆ ಬೀಳುತ್ತದೆ.

ಅರ್ಧ ಗಂಟೆಗೊಮ್ಮೆ ನೀರಿನ ಉಷ್ಣತೆ ಬರೆದುಕೊಳ್ಳಿ. ಇದನ್ನೇ ಮಾರ್ಚ್ ಕೊನೆಗೆ ಮತ್ತೊಮ್ಮೆ ಮಾಡಿ. ನಿಮ್ಮ ಟ್ಯಾಂಕ್ ಗಂಟೆಗೆ ಎಷ್ಟು ಕಾಯುತ್ತದೆ ಅನ್ನುವುದು ನಿಮ್ಮ ಕೋಣೆ ಹೇಳಬೇಕು, ಬೇರೆಯವರ ಅಂಕಿ ನಿಮಗೆ ಉಪಯೋಗವಿಲ್ಲ.

ಹಂತ 2: ತಾನೇ ಹತ್ತುವ ಗಾಳಿ ಪಂಪ್

ಯುಎಸ್‌ಬಿ ಚಾರ್ಜಿನ ಸಣ್ಣ ಏರ್ ಪಂಪ್‌ಗಳು ಸಿಗುತ್ತವೆ. ಅವುಗಳಲ್ಲಿ ಕರೆಂಟ್ ಹೋದಾಗ ತಾನಾಗಿಯೇ ಶುರುವಾಗುವ ಮಾದರಿ ಇದೆ, ಅದನ್ನೇ ತೆಗೆದುಕೊಳ್ಳಿ. ಗುಂಡಿ ಒತ್ತಬೇಕಾದದ್ದು ರಾತ್ರಿ ಮೂರಕ್ಕೆ ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ. ಇದು ಚಿಲ್ಲರ್ ಮುಂದೆ ಬಿಡಿಗಾಸಿನ ಖರ್ಚು. ಒಂದರ ಬದಲು ಎರಡು ಇಟ್ಟುಕೊಂಡರೂ ತಪ್ಪಿಲ್ಲ.

ಇದನ್ನು ಪವರ್ ಬ್ಯಾಂಕಿನಿಂದಲೂ ಓಡಿಸಬಹುದು. 10,000 ಎಂಎಎಚ್ ಪವರ್ ಬ್ಯಾಂಕಿನಲ್ಲಿ ಸುಮಾರು 37 ವ್ಯಾಟ್-ಅವರ್ ಇರುತ್ತದೆ, ಕೈಗೆ ಸಿಗುವುದು 30ರ ಹತ್ತಿರ. ಒಂದೂವರೆ ವ್ಯಾಟಿನ ಪಂಪ್ ಆದರೆ ಹೆಚ್ಚುಕಡಿಮೆ ಇಪ್ಪತ್ತು ಗಂಟೆ. ಒಂದು ಕಿರಿಕಿರಿ ಇದೆ: ಕೆಲವು ಪವರ್ ಬ್ಯಾಂಕ್‌ಗಳು ಇಷ್ಟು ಸಣ್ಣ ಲೋಡನ್ನು ಗುರುತಿಸದೆ ಸ್ವಲ್ಪ ಹೊತ್ತಿಗೆ ಆಫ್ ಆಗುತ್ತವೆ. ಮೊದಲೇ ಒಂದು ಗಂಟೆ ಹಚ್ಚಿ ಪರೀಕ್ಷೆ ಮಾಡಿ.

ಪಂಪಿನ ಡಬ್ಬಿಯನ್ನು ನೀರಿನ ಮಟ್ಟಕ್ಕಿಂತ ಎತ್ತರದಲ್ಲಿ ಇಡಿ. ಇಲ್ಲದಿದ್ದರೆ ಪಂಪ್ ನಿಂತಾಗ ಪೈಪಿನಲ್ಲಿ ನೀರು ವಾಪಸ್ ಬರುತ್ತದೆ. ನಾನ್-ರಿಟರ್ನ್ ವಾಲ್ವ್ ಹಾಕಿದರೆ ಇನ್ನೂ ಒಳ್ಳೆಯದು.

ಇದಕ್ಕಿಂತ ಮೇಲಿನ ಉಪಾಯ ಡಿಸಿ ವೇವ್‌ಮೇಕರ್, ಅಂದರೆ ಟ್ಯಾಂಕಿನೊಳಗೆ ನೀರನ್ನು ತಳ್ಳಿ ಅಲೆ ಎಬ್ಬಿಸುವ ಸಣ್ಣ ಪಂಪ್. ಅದರ ಅಡಾಪ್ಟರ್ ಮೇಲೆ 12 ವೋಲ್ಟ್ ಅಂತ ಬರೆದಿದ್ದರೆ 12 ವೋಲ್ಟಿನ ಬ್ಯಾಟರಿಯಿಂದ ನೇರವಾಗಿ ಓಡಿಸಬಹುದು. 24 ಅಂತ ಇದ್ದರೆ ಆಗುವುದಿಲ್ಲ. ಯುಪಿಎಸ್‌ನಲ್ಲಿ ಇರುವಂಥ 7 ಎಎಚ್ ಬ್ಯಾಟರಿಯ ಅರ್ಧ ಬಳಸಿದರೂ ಎಂಟು ವ್ಯಾಟಿನ ವೇವ್‌ಮೇಕರ್ ಐದು ಗಂಟೆ ತಿರುಗುತ್ತದೆ. ಪ್ಲಸ್, ಮೈನಸ್ ಅದಲುಬದಲಾಗದಂತೆ, ಮಧ್ಯೆ ಫ್ಯೂಸ್ ಇರುವಂತೆ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ವೇವ್‌ಮೇಕರಿನ ಮುಖ ಸ್ವಲ್ಪ ಮೇಲಕ್ಕೆ ತಿರುಗಿರಲಿ, ಮೇಲ್ಮೈ ಕದಡುವಷ್ಟು.

ಹಂತ 3: ಮನೆಯ ಇನ್ವರ್ಟರಿನ ಲೆಕ್ಕ

ನಮ್ಮ ಕಡೆ ಬಹುತೇಕ ಮನೆಗಳಲ್ಲಿ ಇನ್ವರ್ಟರ್ ಇದ್ದೇ ಇದೆ, ಅಲ್ವಾ? ಅದನ್ನು ನೆಚ್ಚಿಕೊಳ್ಳುವ ಮುಂಚೆ ಲೆಕ್ಕ ಹಾಕಿ. 150 ಎಎಚ್, 12 ವೋಲ್ಟ್ ಅಂದರೆ 1,800 ವ್ಯಾಟ್-ಅವರ್. ಲೆಡ್ ಬ್ಯಾಟರಿ ಬಾಳಿಕೆ ಬರಬೇಕಾದರೆ ಅರ್ಧಕ್ಕಿಂತ ಜಾಸ್ತಿ ಇಳಿಸಬಾರದು. ಇನ್ವರ್ಟರಿನಲ್ಲಿ ಕಳೆದುಹೋಗುವುದು ಒಂದಿಷ್ಟು. ಕೈಗೆ ಉಳಿಯುವುದು 700 ಅಂತ ಇಟ್ಟುಕೊಳ್ಳಿ.

ಮೂರು ಸೀಲಿಂಗ್ ಫ್ಯಾನ್, ಟಿವಿ ಸೇರಿ 280 ವ್ಯಾಟ್ ಎಳೆದರೆ ಎರಡೂವರೆ ಗಂಟೆಗೆ ಮುಗಿಯಿತು. ಚಿಲ್ಲರ್ ಹಚ್ಚಿದರೂ ಅದೇ ಗತಿ, ಅದು 200ರಿಂದ 400 ವ್ಯಾಟ್ ತಿನ್ನುತ್ತದೆ. ಎಂಟು ವ್ಯಾಟಿನ ವೇವ್‌ಮೇಕರ್ ಒಂದೇ ಇದ್ದರೆ? ಇನ್ವರ್ಟರ್ ತಾನು ಆನ್ ಇರಲಿಕ್ಕೇ ಹತ್ತು ಹದಿನೈದು ವ್ಯಾಟ್ ತೆಗೆದುಕೊಳ್ಳುತ್ತದೆ, ಅದನ್ನು ಸೇರಿಸಿದರೂ ಒಂದು ದಿನ ದಾಟುತ್ತದೆ.

ಹಾಗಾಗಿ ವೇವ್‌ಮೇಕರಿಗೆ ಮಾತ್ರ ಇನ್ವರ್ಟರ್ ಲೈನಿನ ಪ್ಲಗ್ ಕೊಡಿ. ರಿಟರ್ನ್ ಪಂಪ್ ಹಾಕುವುದು ನಿಮ್ಮ ಬ್ಯಾಟರಿ ನೋಡಿಕೊಂಡು. ಲೈಟ್, ನೊರೆ ಎಬ್ಬಿಸಿ ಕೊಳೆ ತೆಗೆಯುವ ಸ್ಕಿಮ್ಮರ್, ಚಿಲ್ಲರ್ ಮೇನ್ ಲೈನಿನಲ್ಲೇ ಇರಲಿ. ಫ್ಯಾನಿಗಾಗಿ ಮನೆಯವರ ಜೊತೆ ಜಗಳ ಬೇಡ. ಹವಳಕ್ಕೋಸ್ಕರ ಎಲ್ಲರೂ ಸೆಕೆಯಲ್ಲಿ ಬೇಯಬೇಕು ಅಂದರೆ ಯಾರು ತಾನೇ ಒಪ್ಪುತ್ತಾರೆ! ಎಂಟು ವ್ಯಾಟ್ ಅಂದರೆ ಎಲ್ಲರೂ ಒಪ್ಪುತ್ತಾರೆ.

ಇನ್ವರ್ಟರ್ ಹೊಸದಾಗಿ ಕೊಳ್ಳುವುದಾದರೆ ಪ್ಯೂರ್ ಸೈನ್ ವೇವ್ ಕೇಳಿ. ಸ್ಕ್ವೇರ್ ವೇವ್‌ನಲ್ಲಿ ಎಸಿ ಪಂಪ್‌ಗಳು ಗುಂಯ್ ಅನ್ನುತ್ತವೆ, ಬಿಸಿಯಾಗುತ್ತವೆ, ಆ ಬಿಸಿಯೂ ನಿಮ್ಮ ನೀರಿಗೇ ಸೇರುತ್ತದೆ. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ನೋಡುವುದನ್ನು ಬೇಸಿಗೆ ಮುಂಚೆಯೇ ಮುಗಿಸಿ.

ಹಂತ 4: ತಂಪು

ಇಲ್ಲಿ ನಮ್ಮ ಬಿಸಿಲೇ ನಮಗೆ ಒಂದು ಉಪಕಾರ ಮಾಡುತ್ತದೆ. ಏಪ್ರಿಲ್‌ನಲ್ಲಿ ಇಲ್ಲಿ ಗಾಳಿ ಒಣಗಿರುತ್ತದೆ. ನೀರು ಆವಿಯಾಗುವಾಗ ಉಳಿದ ನೀರಿನ ಬಿಸಿಯನ್ನು ಹೊತ್ತೊಯ್ಯುತ್ತದೆ, ಕೂಲರ್ ಕೆಲಸ ಮಾಡುವುದು ಹೀಗೇ ಅಲ್ವಾ. 200 ಲೀಟರ್ ಟ್ಯಾಂಕಿನಿಂದ ಒಂದು ಲೀಟರ್ ಆವಿಯಾದರೆ ಸುಮಾರು ಮೂರು ಡಿಗ್ರಿಯಷ್ಟು ಬಿಸಿ ಹೋಗುತ್ತದೆ. ಅಷ್ಟರಲ್ಲಿ ಕೋಣೆಯಿಂದಲೂ ಬಿಸಿ ಒಳಗೆ ಬರುತ್ತಿರುತ್ತದೆ, ಆದ್ದರಿಂದ ಥರ್ಮಾಮೀಟರಿನಲ್ಲಿ ಅಷ್ಟೂ ಕಾಣುವುದಿಲ್ಲ. ಆದರೂ ನೀರಿನ ಮೇಲೆ ಅಡ್ಡಲಾಗಿ ಗಾಳಿ ಬೀಸುವ ಒಂದು ಸಣ್ಣ ಯುಎಸ್‌ಬಿ ಅಥವಾ 12 ವೋಲ್ಟ್ ಫ್ಯಾನ್, ಐದಾರು ವ್ಯಾಟಿನಲ್ಲಿ, ಬಹಳ ಕೆಲಸ ಮಾಡುತ್ತದೆ. ಚೆನ್ನೈನಲ್ಲೋ ಮಂಗಳೂರಲ್ಲೋ ಇದು ಇಷ್ಟು ನಡೆಯುವುದಿಲ್ಲ, ಅಲ್ಲಿ ಗಾಳಿಯಲ್ಲೇ ತೇವ. ನಮ್ಮಲ್ಲೂ ಮಳೆಗಾಲ ಬಂದರೆ ಇದರ ಶಕ್ತಿ ಇಳಿಯುತ್ತದೆ. ಅಷ್ಟೊತ್ತಿಗೆ ಬಿಸಿಲೂ ಇಳಿದಿರುತ್ತದೆ.

ಗಾಜಿನ ಮುಚ್ಚಳ ಇದ್ದರೆ ತೆಗೆಯಿರಿ, ಮೀನು ಹಾರದಂತೆ ಜಾಲರಿ ಹಾಕಿ. ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಅಲ್ಲೇ ಇರುತ್ತದೆ. ಆದ್ದರಿಂದ ತುಂಬಿಸಬೇಕಾದದ್ದು ಉಪ್ಪಿಲ್ಲದ ಆರ್‌ಒ ನೀರು. ಬೋರಿನ ಗಡಸು ನೀರು ಬೇಡ. ಕರೆಂಟ್ ಇಲ್ಲದಾಗ ಆರ್‌ಒ ಮಷಿನ್ನೂ ಓಡುವುದಿಲ್ಲ, ಮಾರ್ಚಿನಿಂದ ಜೂನ್ ತನಕ 20 ಲೀಟರಿನ ಕ್ಯಾನ್ ಒಂದು ಸದಾ ತುಂಬಿಟ್ಟಿರಿ.

ಎರಡನೆಯ ಉಪಾಯ ಫ್ರೀಜರಿನ ಬಾಟಲಿ. ಒಂದು ಲೀಟರಿನ ನಾಲ್ಕಾರು ಬಾಟಲಿಗೆ ಆರ್‌ಒ ನೀರು ತುಂಬಿ, ಮೇಲೆ ಸ್ವಲ್ಪ ಜಾಗ ಬಿಟ್ಟು ಗಟ್ಟಿ ಮಾಡಿಡಿ. ಒಂದು ಬಾಟಲಿ ಪೂರ್ತಿ ಕರಗಿದರೆ 200 ಲೀಟರ್ ನೀರು ಅರ್ಧ ಡಿಗ್ರಿ ಇಳಿಯುತ್ತದೆ. ಕಡಿಮೆ ಅನ್ನಿಸಬಹುದು, ಆದರೆ ನಮಗೆ ಬೇಕಾಗಿರುವುದೂ ಮೆಲ್ಲಗೆ ಇಳಿಯುವುದೇ. ಗಂಟೆಗೆ ಒಂದು ಡಿಗ್ರಿಗಿಂತ ಬೇಗ ಇಳಿಸಬೇಡಿ. ಐಸ್ ತುಂಡುಗಳನ್ನು ನೇರವಾಗಿ ಸುರಿಯಬಾರದು. ನಲ್ಲಿ ನೀರಿನ ಕ್ಲೋರಿನ್ ಒಳಗೆ ಬರುತ್ತದೆ, ಉಪ್ಪಿನ ಅಳತೆಯೂ ಕೆಡುತ್ತದೆ.

ಬಾಟಲಿಯನ್ನು ಸಂಪಿನಲ್ಲಿ ಹಾಕಿ ಅಂತ ಎಲ್ಲರೂ ಹೇಳುತ್ತಾರೆ. ರಿಟರ್ನ್ ಪಂಪ್ ಓಡುತ್ತಿದ್ದರೆ ಸರಿ. ನಿಂತಿದ್ದರೆ ಸಂಪ್ ಮಾತ್ರ ತಣ್ಣಗಾಗುತ್ತದೆ, ಹವಳ ಮೇಲೆ ಬೇಯುತ್ತಿರುತ್ತದೆ. ಆಗ ಬಾಟಲಿ ಮೇಲಿನ ಟ್ಯಾಂಕಿನಲ್ಲೇ ಇರಬೇಕು. ಹವಳದಿಂದ ದೂರ, ವೇವ್‌ಮೇಕರಿನ ಹರಿವಿಗೆ ಸಿಗುವಂತೆ ದಾರದಿಂದ ಕಟ್ಟಿ ತೇಲಿಬಿಡಿ.

ಥರ್ಮಾಮೀಟರ್ ನೋಡಿ ಕೆಲಸ ಮಾಡಿ. 28 ದಾಟಿದರೆ ಫ್ಯಾನ್, 29 ದಾಟಿದರೆ ಬಾಟಲಿ. 31ಕ್ಕೆ ಹೋದ ಮೇಲೆ ಹವಳ ಬಿಳಿಚಿಕೊಳ್ಳುವ ಅಪಾಯ ನಿಜವಾಗಿಯೂ ಶುರು.

ಟ್ಯಾಂಕ್ ಇಡುವ ಜಾಗವೂ ಅರ್ಧ ಕೆಲಸ ಮಾಡುತ್ತದೆ. ಮೇಲ್ಮಹಡಿಯ ಕೋಣೆ ಬೇಡ, ಸ್ಲ್ಯಾಬ್ ಹಗಲೆಲ್ಲ ಕಾದು ರಾತ್ರಿ ಹತ್ತರ ತನಕ ಝಳ ಬಿಡುತ್ತದೆ. ಪಡುವಣದ ಗೋಡೆಗೆ ಆನಿಸಬೇಡಿ. ಶಹಾಬಾದ್ ಕಲ್ಲು ಹಾಸಿದ ಕೆಳಮನೆಯ ಒಳಕೋಣೆ ಎಲ್ಲಕ್ಕಿಂತ ಒಳ್ಳೆಯದು. ಕಟ್ ಉದ್ದವಾದರೆ ಟ್ಯಾಂಕಿನ ಮೂರು ಬದಿಗೆ ಥರ್ಮೋಕೋಲ್ ಅಥವಾ ಕಂಬಳಿ ಸುತ್ತಬಹುದು. ಕಂಬಳಿ ಬಿಸಿ ಮಾಡುತ್ತದೆ ಅನ್ನುವ ಭಯ ಬೇಡ. ಕೋಣೆ 38, ನೀರು 27 ಇದ್ದಾಗ ಅದು ಹೊರಗಿನ ಬಿಸಿಯನ್ನು ತಡೆಯುತ್ತದೆ. ಮೇಲ್ಭಾಗ ಮಾತ್ರ ತೆರೆದಿರಲಿ.

ಬೀದರಿನವರಿಗೆ ಒಂದು ಮಾತು. ನಿಮ್ಮ ಊರು ಎತ್ತರದಲ್ಲಿದೆ, ಡಿಸೆಂಬರ್, ಜನವರಿಯ ರಾತ್ರಿ ಚಳಿ ಕಡಿಯುತ್ತದೆ. ಆಗ ಇದೇ ಕಂಬಳಿ ಬಿಸಿಯನ್ನು ಒಳಗೆ ಹಿಡಿದಿಡಲು ಬರುತ್ತದೆ. ಹೀಟರನ್ನು ಇನ್ವರ್ಟರಿಗೆ ಹಚ್ಚಬೇಡಿ.

ಕರೆಂಟ್ ಹೋಯಿತು, ಈಗ?

ಮೊದಲು ಗಾಳಿ ಪಂಪ್ ಶುರುವಾಗಿದೆಯಾ ನೋಡಿ. ಆಮೇಲೆ ಚಿಲ್ಲರ್, ಲೈಟ್, ಸ್ಕಿಮ್ಮರ್ ಪ್ಲಗ್ ತೆಗೆಯಿರಿ. ಕರೆಂಟ್ ದೂರಿನ ನಂಬರ್ 1912ಕ್ಕೆ ಫೋನ್ ಮಾಡಿ, ಬರೀ ಫ್ಯೂಸ್ ಹೋಗಿದೆಯೋ, ಗಾಳಿಮಳೆಗೆ ಕಂಬ ಬಿದ್ದಿದೆಯೋ, ಟ್ರಾನ್ಸ್‌ಫಾರ್ಮರ್ ಸುಟ್ಟಿದೆಯೋ ಕೇಳಿ. ಟ್ರಾನ್ಸ್‌ಫಾರ್ಮರ್ ಅಂದರೆ ರಾತ್ರಿಯಿಡೀ ಅಂತಲೇ ತಿಳಿದು ಬ್ಯಾಟರಿ ಉಳಿಸಿ.

ಮೀನಿಗೆ ಏನೂ ಹಾಕಬೇಡಿ. ಎರಡು ದಿನ ಉಪವಾಸ ಇದ್ದರೆ ಅವುಗಳಿಗೆ ಏನೂ ಆಗುವುದಿಲ್ಲ, ಉಳಿದ ಆಹಾರ ಕೊಳೆತರೆ ಇರುವ ಆಕ್ಸಿಜನ್ನನ್ನೂ ತಿನ್ನುತ್ತದೆ.

ಎಲ್ಲ ಪಂಪೂ ಕೈಕೊಟ್ಟರೆ ಚರಗಿ ಇದೆ. ಟ್ಯಾಂಕಿನ ನೀರನ್ನೇ ತುಂಬಿ ಒಂದು ಅಡಿ ಮೇಲಿಂದ ಸುರಿಯಿರಿ. ಹತ್ತು ಹದಿನೈದು ನಿಮಿಷಕ್ಕೊಮ್ಮೆ, ನಾಲ್ಕೈದು ನಿಮಿಷ. ಕೈ ನೋಯುತ್ತದೆ, ಮೀನು ಬದುಕುತ್ತದೆ. ಆದರೆ ಆ ಚರಗಿ ತಾಮ್ರದ್ದೋ ಹಿತ್ತಾಳೆಯದ್ದೋ ಆಗಿರಬಾರದು. ತಾಮ್ರ ಅತಿ ಸ್ವಲ್ಪ ಕರಗಿದರೂ ಸಿಗಡಿ, ಶಂಖದ ಹುಳು, ಹವಳಕ್ಕೆ ವಿಷ. ಸಾಬೂನು ತಾಗದ ಪ್ಲಾಸ್ಟಿಕ್ ಜಗ್ಗು ಒಂದನ್ನು ಇದಕ್ಕೇ ಅಂತ ಎತ್ತಿಡಿ.

ಇನ್ನೊಂದನ್ನು ಯಾರೂ ಯೋಚಿಸುವುದಿಲ್ಲ. ಕರೆಂಟ್ ಹೋದರೆ ಫ್ಯಾನ್ ನಿಲ್ಲುತ್ತದೆ, ಸೊಳ್ಳೆ ಬರುತ್ತದೆ, ಮನೆಯಲ್ಲಿ ಸೊಳ್ಳೆ ಬತ್ತಿ ಹಚ್ಚುತ್ತಾರೆ. ನಿಮ್ಮ ಗಾಳಿ ಪಂಪ್ ಅದೇ ಕೋಣೆಯ ಗಾಳಿಯನ್ನು ಎಳೆದು ನೀರಿಗೆ ತುಂಬುತ್ತಿರುತ್ತದೆ. ಬತ್ತಿ, ಸ್ಪ್ರೇಗಳಲ್ಲಿ ಇರುವ ಪೈರೆಥ್ರಾಯ್ಡ್ ಮೀನಿಗೂ ಸಿಗಡಿಗೂ ವಿಷ. ಟ್ಯಾಂಕ್ ಇರುವ ಕೋಣೆಯಲ್ಲಿ ಬತ್ತಿ ಬೇಡ, ಸೊಳ್ಳೆ ಪರದೆ ಕಟ್ಟಿಕೊಳ್ಳಿ. ಜನರೇಟರ್ ಇದ್ದರೆ ಮನೆಯ ಹೊರಗೇ ಇರಲಿ. ಅದರ ಹೊಗೆ ಮೀನಿಗಿಂತ ಮೊದಲು ಮನುಷ್ಯರನ್ನು ಕೊಲ್ಲುತ್ತದೆ.

ನೀವು ಕೆಲಸಕ್ಕೆ ಹೋದಾಗ ಮನೆಯಲ್ಲಿರುವವರಿಗೆ ಇದಿಷ್ಟೂ ನೆನಪಿರುವುದಿಲ್ಲ. ಟ್ಯಾಂಕಿಗೆ ಎರಡು ಸಾಲಿನ ಚೀಟಿ ಅಂಟಿಸಿ, ಮನೆಮಾತಿನಲ್ಲೇ: "ಅವ್ವಾ, ಕರೆಂಟ್ ಹೋಯ್ತಂದ್ರ ಬಿಳಿ ಪಂಪ್ ನಡದದೇನು ನೋಡು. ಮೀನಿಗಿ ಏನೂ ಹಾಕಬ್ಯಾಡ, ನನಗ ಫೋನ್ ಮಾಡು." ಇದಕ್ಕಿಂತ ಜಾಸ್ತಿ ಬರೆದರೆ ಯಾರೂ ಓದುವುದಿಲ್ಲ.

ಕರೆಂಟ್ ಬಂತು, ಅವಸರ ಬೇಡ

ನಮ್ಮಲ್ಲಿ ಕರೆಂಟ್ ಬಂದು ಹತ್ತು ನಿಮಿಷದಲ್ಲಿ ಎರಡು ಸಲ ಹೋಗಿ ಬರುವುದೂ ಉಂಟು. ವೋಲ್ಟೇಜ್ ಏರಿಳಿತ ಬೇರೆ. ಮೊದಲು ರಿಟರ್ನ್ ಪಂಪ್ ಹಾಕಿ, ಅದು ನೀರೆತ್ತುತ್ತಿದೆಯಾ ನೋಡಿ. ಒಳಗೆ ಗಾಳಿ ಸಿಕ್ಕಿಕೊಂಡರೆ ಸದ್ದು ಬರುತ್ತದೆ, ನೀರು ಬರುವುದಿಲ್ಲ. ಒಮ್ಮೆ ಆಫ್ ಮಾಡಿ ಅಲುಗಾಡಿಸಿದರೆ ಸರಿಹೋಗುತ್ತದೆ. ಕರೆಂಟ್ ಹತ್ತು ನಿಮಿಷ ಸ್ಥಿರವಾಗಿ ನಿಂತ ಮೇಲೆಯೇ ಚಿಲ್ಲರ್, ಅದೂ ಸ್ಟೆಬಿಲೈಸರ್ ಮೂಲಕ. ಬಿಟ್ಟು ಬಿಟ್ಟು ಬರುವ ಕರೆಂಟಿನಲ್ಲಿ ಕಂಪ್ರೆಸರ್ ಸುಡುತ್ತದೆ. ಸ್ಕಿಮ್ಮರ್ ಮೊದಲು ಹುಚ್ಚು ಹಿಡಿದಂತೆ ನೊರೆ ಉಕ್ಕಿಸುತ್ತದೆ, ಪಕ್ಕದಲ್ಲಿ ನಿಂತು ಹಾಕಿ. ಲೈಟ್ ಆ ದಿನ ಅರ್ಧಕ್ಕಿರಲಿ.

ಕ್ಯಾನಿಸ್ಟರ್ ಫಿಲ್ಟರ್ ಇಟ್ಟವರು ಎಚ್ಚರ. ಮುಚ್ಚಿದ ಡಬ್ಬಿಯಲ್ಲಿ ಗಂಟೆಗಟ್ಟಲೆ ನಿಂತ ನೀರಿನ ಆಕ್ಸಿಜನ್ ಮುಗಿದು, ಒಳಗಿನ ಬ್ಯಾಕ್ಟೀರಿಯಾ ಸತ್ತು, ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹುಟ್ಟಬಹುದು. ಅದನ್ನು ಹಾಗೇ ಆನ್ ಮಾಡಿದರೆ ಆ ನೀರೆಲ್ಲ ಟ್ಯಾಂಕಿಗೆ. ಮೊದಲು ಬಿಚ್ಚಿ, ನೀರು ಚೆಲ್ಲಿ, ಉಪ್ಪುನೀರಿನಲ್ಲಿ ತೊಳೆದು ಹಚ್ಚಿ.

ಮುಂದಿನ ಎರಡು ದಿನ ಅಮೋನಿಯಾ ಪರೀಕ್ಷೆ ಮಾಡಿ. ಕಾಣಿಸಿದರೆ ಇಪ್ಪತ್ತು ಪರ್ಸೆಂಟ್ ನೀರು ಬದಲಿಸಿ, ಆಕ್ಟಿವೇಟೆಡ್ ಕಾರ್ಬನ್ ಹಾಕಿ. ಎಲ್ಲ ಮೀನೂ ಎಣಿಸಿ. ಒಂದು ಕಾಣದಿದ್ದರೆ ಕಲ್ಲಿನ ಸಂದಿಯಲ್ಲಿ ಹುಡುಕಿ ತೆಗೆಯಲೇಬೇಕು, ಒಂದು ಹೆಣ ಸಾಕು ಉಳಿದವಕ್ಕೂ ಕುತ್ತು ತರಲು. ಹವಳ ಮುದುಡಿ ಲೋಳೆ ಬಿಡುತ್ತಿದ್ದರೆ ಮುಟ್ಟದೆ ಬಿಡಿ, ಬಹಳಷ್ಟು ಸಲ ಎರಡು ಮೂರು ದಿನಕ್ಕೆ ಬಿಚ್ಚಿಕೊಳ್ಳುತ್ತದೆ. ಸತ್ತ ಝೋವಾಂತಿಡ್ (ಗುಂಡಿಯಂತೆ ಕಾಣುವ ಮೆತ್ತನೆ ಹವಳ) ತೆಗೆಯುವಾಗ ಗ್ಲೌಸ್, ಕನ್ನಡಕ ಕಡ್ಡಾಯ. ಕೆಲವು ಜಾತಿಗಳಲ್ಲಿ ಪ್ಯಾಲಿಟಾಕ್ಸಿನ್ ಅನ್ನುವ ಭಯಂಕರ ವಿಷ ಇರುತ್ತದೆ. ಅದು ಅಂಟಿದ ಕಲ್ಲನ್ನು ಕುದಿಸುವುದು, ಬಿಸಿನೀರು ಸುರಿಯುವುದು ಮಾಡಲೇಬೇಡಿ, ಆವಿಯಲ್ಲಿ ವಿಷ ಏಳುತ್ತದೆ.

ಇನ್ನೂ ಟ್ಯಾಂಕ್ ಇಡದವರಿಗೆ

ನಮ್ಮ ಬಿಸಿಲು, ನಮ್ಮ ಕರೆಂಟ್ ನೋಡಿ ಜೀವಿ ಆರಿಸಿಕೊಳ್ಳಿ. ಮಶ್ರೂಮ್ ಹವಳ, ಲೆದರ್ ಹವಳ, ಝೋವಾಂತಿಡ್‌ಗಳು ಒಂದಿಷ್ಟು ಏರುಪೇರು ತಡೆಯುತ್ತವೆ. ಕ್ಲೌನ್ ಮೀನು ಜೋಡಿಯೊಂದು ಸಾಕು. ಮೀನು ಕಡಿಮೆ ಇದ್ದಷ್ಟೂ ಕರೆಂಟ್ ಹೋದಾಗ ನಿಮಗೆ ಸಿಗುವ ಸಮಯ ಜಾಸ್ತಿ. ಅಕ್ರೋಪೋರಾದಂಥ ಗಟ್ಟಿ ಹವಳದ ಆಸೆ ಬಿಡಿ. ಅವು ಬಿಸಿಗೆ ಮೊದಲು ಸಾಯುತ್ತವೆ, ಮೇಲಾಗಿ ನಮ್ಮ ಸಮುದ್ರದ ಗಟ್ಟಿ ಹವಳ, ಸೀ ಫ್ಯಾನ್, ಕಡಲಕುದುರೆಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಣೆ ಪಡೆದಿವೆ. ಬೆಂಗಳೂರಿನಿಂದಲೋ ಹೈದರಾಬಾದಿನಿಂದಲೋ ತರಿಸುವಾಗ ಏನು, ಎಲ್ಲಿಯದು ಅಂತ ಕೇಳಿ ಬಿಲ್ ತೆಗೆದುಕೊಳ್ಳಿ. ತರಿಸುವುದಾದರೆ ನವೆಂಬರಿನಿಂದ ಫೆಬ್ರವರಿಯೊಳಗೆ ತರಿಸಿ. ಬೇಸಿಗೆ ಬರುವಷ್ಟರಲ್ಲಿ ಅವು ನಿಮ್ಮ ನೀರಿಗೆ ಹೊಂದಿಕೊಂಡಿರುತ್ತವೆ, ನಿಮಗೂ ಹಂತ 1ರ ಪರೀಕ್ಷೆ ಎರಡು ಸಲ ಮಾಡಲು ಸಮಯ ಸಿಕ್ಕಿರುತ್ತದೆ.